ಸ್ಪಷ್ಟನೆ: ಡಿಸ್ಕ್‌ನಿಂದ ಡೇಟಾಬೇಸ್ ತೆರೆಯಲಿಲ್ಲ ಅಂದರೆ ಫೈಲ್ ಕೆಟ್ಟಿದೆ ಎಂದಲ್ಲ

"ಸಿಡಿ, ಡಿವಿಡಿಯಲ್ಲಿರುವ ಎಸ್‌ಕ್ಯೂಲೈಟ್ ಫೈಲ್ ಎರರ್ ಕೊಟ್ಟರೆ ಅದು ಕರಪ್ಟ್ ಆಗಿದೆ, ಡಿಸ್ಕ್ ಬಿಸಾಕಿ" ಎಂಬ ಸಲಹೆ ಓಡಾಡುತ್ತಿದೆ (ಎಸ್‌ಕ್ಯೂಲೈಟ್ ಅಂದರೆ ಡೇಟಾಬೇಸನ್ನು ಫೈಲ್ ಆಗಿ ಇಡುವ ಒಂದು ಸಾಫ್ಟ್‌ವೇರ್). ದಯವಿಟ್ಟು ಬಿಸಾಕಬೇಡಿ, ಎಷ್ಟೋ ಸಲ ಡೇಟಾ ಸರಿಯಾಗಿಯೇ ಇರುತ್ತದೆ, ಡಿಸ್ಕ್ ಮೇಲೆ ಹೊಸದಾಗಿ ಏನೂ ಬರೆಯಲು ಆಗದಿರುವುದೇ ತೊಂದರೆ.

ಸುಮ್ನೆ ಓದುವುದಕ್ಕೂ ಬರೆಯಲು ಜಾಗ ಯಾಕೆ ಅನ್ನಿಸಬಹುದು, ಅಲ್ವಾ? ಡೇಟಾಬೇಸ್ 'ವಾಲ್' ಮೋಡ್‌ನಲ್ಲಿದ್ದರೆ (ಹೊಸ ಬದಲಾವಣೆಗಳನ್ನು ಮೊದಲು ಬೇರೊಂದು ಫೈಲ್‌ನಲ್ಲಿ ಬರೆದಿಡುವ ವಿಧಾನ ಇದು), ಓದುವಾಗಲೂ ಅದರ ಪಕ್ಕದಲ್ಲೇ ಎರಡು ಪುಟ್ಟ ಫೈಲ್‌ಗಳು ಬೇಕು, ಒಂದರ ಹೆಸರಿನ ಕೊನೆಗೆ ವಾಲ್, ಇನ್ನೊಂದಕ್ಕೆ ಎಸ್‌ಎಚ್‌ಎಂ ಎಂದಿರುತ್ತದೆ. ಅವು ಇಲ್ಲದಿದ್ದರೆ ಎಸ್‌ಕ್ಯೂಲೈಟ್ ಹೊಸದಾಗಿ ಮಾಡಲು ಹೋಗುತ್ತದೆ, ಡಿಸ್ಕ್ ಬಿಡುವುದಿಲ್ಲ, ಅಲ್ಲಿಗೆ ಎರರ್.

ಮೊದಲು ಎಲ್ಲ ಫೈಲ್‌ಗಳನ್ನೂ ಡಿಸ್ಕ್‌ನಿಂದ ಕಂಪ್ಯೂಟರ್‌ನ ಒಂದೇ ಫೋಲ್ಡರ್‌ಗೆ ಕಾಪಿ ಮಾಡಿ, 'ರೀಡ್ ಓನ್ಲಿ' ಗುರುತು ಉಳಿದಿದ್ದರೆ ತೆಗೆಯಿರಿ, ಆಮೇಲೆ ತೆರೆಯಿರಿ. ವಾಲ್ ಫೈಲ್ ಬಿಟ್ಟು ಬರೀ ಮುಖ್ಯ ಫೈಲ್ ತಂದರೆ ಕೊನೆಗೆ ಸೇರಿಸಿದ ದಾಖಲೆಗಳೇ ಕಾಣದೆ ಹೋಗಬಹುದು, ಇದು ನಿಜಕ್ಕೂ ಅಪಾಯ. ಕಾಪಿಯೇ ಅರ್ಧಕ್ಕೆ ನಿಂತರೆ ಮಾತ್ರ ಡಿಸ್ಕ್ ಮೇಲೆ ಅನುಮಾನ ಪಡಿ. ತೆರೆದ ಮೇಲೂ ಸಂಶಯವಿದ್ದರೆ ಫೈಲ್ ಕೆಟ್ಟಿದೆಯೇ ಎಂದು ನೋಡುವ ಎಸ್‌ಕ್ಯೂಲೈಟ್‌ನದೇ 'ಇಂಟೆಗ್ರಿಟಿ ಚೆಕ್' ಓಡಿಸಿ.

ಡಿಸ್ಕ್ ಬರ್ನ್ ಮಾಡುವವರು ಅದಕ್ಕೂ ಮುಂಚೆ ಜರ್ನಲ್ ಮೋಡನ್ನು (ಬದಲಾವಣೆ ಬರೆದಿಡುವ ವಿಧಾನದ ಸೆಟ್ಟಿಂಗ್) 'ವಾಲ್'ನಿಂದ 'ಡಿಲೀಟ್'ಗೆ ಬದಲಿಸಿ, ಡೇಟಾಬೇಸನ್ನು ಸರಿಯಾಗಿ ಮುಚ್ಚಿದರೆ ಈ ತೊಂದರೆ ಬರುವುದೇ ಇಲ್ಲ.