ಮುಳ್ಳಯ್ಯನಗಿರಿಗೆ ರಸ್ತೆ, ಗೌಸ್ತಾಕ್ಕೆ ರೈಲು

ಊರಿನಿಂದ ಬಂದವರಿಗೆ ನಾರ್ವೆಯ ಬೆಟ್ಟ ತೋರಿಸಿ, "ನೋಡಿ, ಇವರು ಹೇಗೆ ಇಟ್ಟುಕೊಂಡಿದ್ದಾರೆ, ನಾವು ಹೇಗೆ ಹಾಳು ಮಾಡಿದ್ದೇವೆ" ಎನ್ನುವುದು ಇಲ್ಲಿನ ಕನ್ನಡಿಗರಿಗೆ ಬಾಯಿಪಾಠವಾಗಿದೆ. ಹೋಲಿಸುವುದಾದರೆ ಸರಿಸಾಟಿ ಬೆಟ್ಟಗಳನ್ನೇ ಹೋಲಿಸೋಣ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1930 ಮೀಟರ್. ನಾರ್ವೆಯ ರ‍್ಯೂಕಾನ್ ಪಟ್ಟಣದ ನೆತ್ತಿಯ ಮೇಲೆ ನಿಂತಿರುವ ಗೌಸ್ತಾತೊಪ್ಪೆನ್ 1883 ಮೀಟರ್. ನಮ್ಮದೇ ಒಂದು ಕೈ ಮೇಲು. ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೆ ಕಾರು ಹೋಗುತ್ತದೆ ಎಂದು ಎಲ್ಲರೂ ಬೈಯುತ್ತಾರೆ. ಗೌಸ್ತಾದ ಹೊಟ್ಟೆಯೊಳಗೆ ರೈಲು ಓಡುವುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ಬಾಯಿಬಿಟ್ಟವರು ಒಬ್ಬರಿದ್ದರು, ನಾರ್ವೆಯ ಚಿಂತಕ, ಪರ್ವತಾರೋಹಿ ಪೇಟರ್ ವೆಸ್ಸೆಲ್ ಸಾಪ್ಫೆ. 1899ರಲ್ಲಿ ಉತ್ತರದ ತ್ರೊಮ್ಸೊದಲ್ಲಿ ಹುಟ್ಟಿದವರು. ತಂದೆ ಔಷಧಿ ಅಂಗಡಿಯವರು, ಧ್ರುವಯಾತ್ರಿಕ ಅಮುಂಡ್ಸೆನ್ ಅವರ ಗೆಳೆಯರು. ಮಗ 1923ರಲ್ಲಿ ಕಾನೂನು ಪದವಿ ಪಡೆದರು. ಆ ಪರೀಕ್ಷೆಯ ಒಂದು ಉತ್ತರವನ್ನು ಪ್ರಾಸಬದ್ಧ ಪದ್ಯದಲ್ಲೇ ಬರೆದಿದ್ದರು. ಊರಿಗೆ ಮರಳಿ ವಕೀಲಿಕೆ ಮಾಡುತ್ತಲೇ ಸುತ್ತಲಿನ ಶಿಖರಗಳನ್ನು ಹತ್ತಿದರು, ಕೆಲವನ್ನು ಎಲ್ಲರಿಗಿಂತ ಮೊದಲು.

ಆ ಕಾಲದ ಹತ್ತುವಿಕೆ ಎಂದರೆ ನಾರಿನ ಹಗ್ಗ, ಮೊಳೆ ಹೊಡೆದ ಬೂಟು. ಹಗ್ಗವನ್ನು ನೇರ ಸೊಂಟಕ್ಕೇ ಬಿಗಿಯಬೇಕು. ಇಂದಿನ ನೈಲಾನ್ ಹಗ್ಗ ಹಿಗ್ಗಿ, ಬಿದ್ದವರ ಭಾರದ ಏಟನ್ನು ತಾನೇ ನುಂಗಿಕೊಳ್ಳುತ್ತದೆ. ನಾರಿನ ಹಗ್ಗ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಒಂದೋ ಅದು ತುಂಡಾಗುತ್ತದೆ, ಇಲ್ಲವೇ ಏಟೆಲ್ಲ ಪಕ್ಕೆಲುಬಿಗೆ ಬೀಳುತ್ತದೆ. ನೆನೆದು ಹೆಪ್ಪುಗಟ್ಟಿದರೆ ಗಂಟೂ ಬಿಚ್ಚುವುದಿಲ್ಲ. ಮುಂದೆ ಹತ್ತುವವನು ಬೀಳಲೇಬಾರದು ಎಂಬುದೇ ಆಗಿನ ಸುರಕ್ಷತಾ ಕ್ರಮ!

1929ರಲ್ಲಿ ಸಾಪ್ಫೆ ಸಾಹಿತ್ಯ ಓದಲು ಓಸ್ಲೋಗೆ ಹೋದರು. 1933ರ 'ಕೊನೆಯ ಮೆಸ್ಸೀಯ' ಪ್ರಬಂಧದಲ್ಲಿ ಅವರ ವಾದ ಇಷ್ಟು: ಹೊರಲಾರದಷ್ಟು ದೊಡ್ಡ ಕೊಂಬು ಬೆಳೆದು ಒಂದು ಜಾತಿಯ ಜಿಂಕೆ ಅಳಿದುಹೋಯಿತೆನ್ನುವ ಹಾಗೆ, ಮನುಷ್ಯನಿಗೆ ಅವನ ಅರಿವೇ ಅತಿಭಾರ. ಆ ಭಾರ ತಾಳಲು ಅವನು ನಾಲ್ಕು ಉಪಾಯ ಮಾಡುತ್ತಾನೆ. ಬೇಡದ್ದನ್ನು ಮನಸ್ಸಿನಿಂದ ಹೊರಗಿಡುತ್ತಾನೆ. ದೇವರು, ದೇಶ, ಮನೆತನದಂಥ ಗೂಟಕ್ಕೆ ತನ್ನನ್ನು ಕಟ್ಟಿಕೊಳ್ಳುತ್ತಾನೆ. ಗಮನವನ್ನು ಬೇರೆಡೆ ಹರಿಸುತ್ತಾನೆ. ಇಲ್ಲವೇ ಸಂಕಟವನ್ನೇ ಕಲೆಯಾಗಿಸುತ್ತಾನೆ. ಈ ಪ್ರಬಂಧವೂ ನಾಲ್ಕನೆಯದಕ್ಕೆ ಒಂದು ಮಾದರಿ ಎಂದು ಅಲ್ಲೇ ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ಅವರಿಗಿತ್ತು. 1941ರಲ್ಲಿ ಬಂದ 'ದುರಂತದ ಕುರಿತು' ಅವರ ಡಾಕ್ಟರೇಟ್ ಗ್ರಂಥ.

ಶಿಖರ ಹತ್ತುವುದರಲ್ಲಿ ಅರ್ಥವಿಲ್ಲ, ಬದುಕಿನಲ್ಲೂ ಇಲ್ಲ. ಅದರ ಸೆಳೆತ ಇರುವುದೇ ಅಲ್ಲಿ ಎಂಬುದು ಅವರ ನಿಲುವು. ನಮ್ಮ ಪದ್ಧತಿ ಇದಕ್ಕೆ ಪೂರಾ ಉಲ್ಟಾ. ಮುಳ್ಳಯ್ಯನಗಿರಿಯ ತುದಿಯಲ್ಲಿ ಮುಳ್ಳಪ್ಪ ಸ್ವಾಮಿಯ ಗದ್ದುಗೆ ಇದೆ. ಹತ್ತುವುದಕ್ಕೆ ಕಾರಣ ಮೇಲೆ ಕಾದು ಕೂತಿದೆ. ಹತ್ತುವ ಕಾರಣವೇ ದೇವರ ದರ್ಶನವಾದಾಗ ದಾರಿ ಬರೀ ಅಡಚಣೆ, ಅದು ಎಷ್ಟು ಮೊಟಕಾದರೆ ಅಷ್ಟು ಒಳ್ಳೆಯದು. ನಮ್ಮಲ್ಲಿ ರಸ್ತೆ ತುದಿಗೆ ಏರಿದ್ದರ ಹಿಂದೆ ದುರಾಸೆಗಿಂತ ಈ ತರ್ಕವೇ ಹೆಚ್ಚು ಕೆಲಸ ಮಾಡಿದೆ ಎಂದು ನನಗೆ ಅನಿಸುತ್ತದೆ.

ನಾರ್ವೆಯ ಕಾರಣ ಬೇರೆ. 1950ರ ದಶಕದಲ್ಲಿ, ಶೀತಲ ಸಮರದ ಕಾಲದಲ್ಲಿ, ಗೌಸ್ತಾದ ತುದಿಯಲ್ಲಿ ಸೇನೆಯ ರೇಡಿಯೊ ಸಂಪರ್ಕ ಕೇಂದ್ರ ಬೇಕಾಯಿತು. ನ್ಯಾಟೋ ಹಣದಲ್ಲಿ ಬೆಟ್ಟ ಕೊರೆದರು. ಮೊದಲು 850 ಮೀಟರ್ ಅಡ್ಡ ಸುರಂಗ. ಅಲ್ಲಿ ಗಾಡಿ ಬದಲಿಸಿ, ಸುಮಾರು 40 ಡಿಗ್ರಿ ಇಳಿಜಾರಿನಲ್ಲಿ ಕೇಬಲ್ ಎಳೆಯುವ ಬಂಡಿಯಲ್ಲಿ ಇನ್ನೊಂದು ಸಾವಿರ ಮೀಟರಿನಷ್ಟು ಮೇಲಕ್ಕೆ. ಸಾಪ್ಫೆ ಆಗ 'ಗೌಸ್ತಾಕ್ಕೆ ವಿದಾಯ' ಎಂಬ ಪ್ರಬಂಧ ಬರೆದರು. ತಮಾಷೆ ಎಂದರೆ ಬೆಟ್ಟ ಕಾಡುಗಳಲ್ಲಿ ಎಲ್ಲರೂ ನಡೆದಾಡುವ ಹಕ್ಕನ್ನು ಕಾನೂನಾಗಿ ಬರೆದದ್ದೂ ಅದೇ ದಶಕದಲ್ಲಿ, 1957ರಲ್ಲಿ. ಸಾಪ್ಫೆ 1990ರಲ್ಲಿ ತೀರಿಕೊಂಡರು. ಆಮೇಲೆ ಆ ರೈಲಿಗೆ ಪ್ರವಾಸಿಗರೂ ಟಿಕೆಟ್ ಕೊಳ್ಳುವಂತಾಯಿತು.

ಆ 1957ರ ಕಾನೂನನ್ನು ನಮ್ಮಲ್ಲೂ ತರಬೇಕು ಎನ್ನುವವರಿದ್ದಾರೆ. ಟಿಕೆಟ್ಟಿಲ್ಲ, ಅನುಮತಿ ಇಲ್ಲ. ವಾಸದ ಮನೆಯಿಂದ 150 ಮೀಟರ್ ದೂರ ಇದ್ದರೆ ಗುಡಾರ ಹಾಕಬಹುದು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಕೇಳಲು ಚೆನ್ನ. ಆದರೆ ಇಲ್ಲಿರುವುದು ಸುಮಾರು 55 ಲಕ್ಷ ಜನ, ನೆಲ ಕರ್ನಾಟಕದ ಒಂದೂವರೆ ಪಟ್ಟಿಗೂ ಹೆಚ್ಚು. ಕರ್ನಾಟಕದಲ್ಲಿ 2011ರಲ್ಲೇ 6.11 ಕೋಟಿ. ಇಲ್ಲಿನ ಕಾಡಿನಲ್ಲಿ ಆನೆಯೂ ಇಲ್ಲ. ನಮ್ಮಲ್ಲಿ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಮಾಡಿದ್ದನ್ನು, ಜಿಲ್ಲಾಡಳಿತ ಗಿರಿಗೆ ಹೋಗುವ ವಾಹನಗಳಿಗೆ ದಿನದ ಮಿತಿ ಹಾಕಿದ್ದನ್ನು ನಾನು ತಪ್ಪೆನ್ನಲಾರೆ.

ತರಬಹುದಾದದ್ದು ಬೇರೆ ಇದೆ. ಗೌಸ್ತಾಕ್ಕೆ ನಡೆದು ಹೋಗುವವರ ಕಾರು 1173 ಮೀಟರಿನ ಸ್ತಾವ್ಸ್‌ರೋದಲ್ಲೇ ನಿಲ್ಲುತ್ತದೆ. ಅಲ್ಲಿಂದ ನಾಲ್ಕು ಕಿಲೋಮೀಟರಿಗೂ ಹೆಚ್ಚು ದಾರಿ, ಎರಡು ಮೂರು ಗಂಟೆಯ ಏರು, ಕಲ್ಲಿಗೆ ಬಳಿದ ಕೆಂಪು 'ಟಿ' ಗುರುತು ಹಿಡಿದು ಹೋಗಬೇಕು. ಕಾಲ ಕೆಳಗೆ ಅಲುಗಾಡುವ ಕಲ್ಲುಗಳೇ ಹೆಚ್ಚು. ಮೆತ್ತನೆ ಅಡಿಯ ಓಟದ ಶೂ ಹಾಕಿ ಬಂದವರ ಕಣಕಾಲು ಉಳುಕುವುದು ಬಹುಪಾಲು ಇಳಿಯುವಾಗ, ಕಾಲು ಸೋತ ಮೇಲೆ. ಇನ್ನೊಂದು ಮಾತು: ರೈಲಿನಲ್ಲಿ ಬಂದವರು ಇಳಿಯುವುದು ನಿಜವಾದ ತುದಿಯಲ್ಲಲ್ಲ. ಅಲ್ಲಿಂದ ಮುಂದೆ ಕಿರಿದಾದ ಕಲ್ಲಿನ ಏಣು ಇದೆ, ಕೈಯೂರಿ ದಾಟಬೇಕು. ಮಂಜು ಮುಸುಕಿದರೆ, ಗಾಳಿ ಎದ್ದರೆ, ಮರಳುವುದೇ ಸರಿ. 'ಹೊತ್ತಿರುವಾಗಲೇ ತಿರುಗಿ, ತಿರುಗುವುದರಲ್ಲಿ ನಾಚಿಕೆಯಿಲ್ಲ' ಎಂಬುದು ಇಲ್ಲಿನ ಬೆಟ್ಟದ ಒಂಬತ್ತು ನಿಯಮಗಳಲ್ಲಿ ಎಂಟನೆಯದು.

ಮುಳ್ಳಯ್ಯನಗಿರಿಯಲ್ಲಿ ಸ್ತಾವ್ಸ್‌ರೋದ ಹಾಗೆ ಕಾರು ನಿಲ್ಲಿಸಲು ತಕ್ಕ ಜಾಗ ಸೀತಾಳಯ್ಯನಗಿರಿ. ಖಾಸಗಿ ಕಾರು ಅಲ್ಲಿಗೇ ಮುಗಿಯಲಿ. ವಯಸ್ಸಾದವರಿಗೆ, ಅಂಗವಿಕಲರಿಗೆ, ಪೂಜೆಯ ಸಾಮಾನಿಗೆ ಜೀಪು ಇರಲಿ, ಉಳಿದವರು ನಡೆಯಲಿ. ಆದರೆ ಶೌಚಾಲಯ, ಕುಡಿಯುವ ನೀರು, ಮಳೆ ಬಂದರೆ ನಿಲ್ಲಲು ಒಂದು ಸೂರು, ಈ ಮೂರು ಸೀತಾಳಯ್ಯನಗಿರಿಯಲ್ಲಿ ಮೊದಲು ಆಗಬೇಕು. ಅವಿಲ್ಲದೆ ಬರೀ ಗೇಟು ಹಾಕಿದರೆ ಮೊದಲ ವಾರಾಂತ್ಯದಲ್ಲೇ ಜನ ಅದನ್ನು ತೆಗೆಸುತ್ತಾರೆ.