ಚಿಟಿಕೆಯ ಮೇಲೆ ಕೂತ ಫೋಕಸ್

ಕಳೆದ ಭಾನುವಾರ ತುಮಕೂರಿನ ಹತ್ತಿರದ ನಾಮದ ಚಿಲುಮೆಗೆ ಹೋಗಿ ಬಂದಾಗ ನನ್ನ ಕ್ಯಾಮೆರಾದಲ್ಲಿ 214 ಫೋಟೋಗಳಿದ್ದವು. ಅವುಗಳಲ್ಲೆಲ್ಲ ಅತ್ಯಂತ ಸ್ಪಷ್ಟವಾಗಿ, ಬಳೆಯ ಮೇಲಿನ ಗೆರೆಗಳನ್ನು ಎಣಿಸಬಹುದಾದಷ್ಟು ಖಚಿತವಾಗಿ ಮೂಡಿರುವುದು ನಮ್ಮ ದೊಡ್ಡಮ್ಮನ ಬಲಗೈ. ಯಾರ ಫೋಟೋ ತೆಗೆಯಲೆಂದು ಹೋಗಿದ್ದೆನೋ ಆ ನನ್ನ ತಂಗಿಯ ಮಗಳು, ಮೂರು ವರ್ಷದ ಪುಟ್ಟಿ, ಆ ಕೈಯ ಹಿಂದೆ ನೀರಿನಲ್ಲಿ ಕದಡಿದ ಅರಿಸಿನದಂತೆ ಕಾಣುತ್ತಾಳೆ.

ಮಕ್ಕಳ ಫೋಟೋ ತೆಗೆಯುವುದು ಮೊದಲೇ ಸುಲಭದ ಕೆಲಸವಲ್ಲ. ಓಡುವ ಮಗು ಅಲುಗದಂತೆ ಮೂಡಬೇಕಾದರೆ ಶಟರ್ ವೇಗ ಸೆಕೆಂಡಿನ 500ನೇ ಒಂದು ಭಾಗದಷ್ಟಾದರೂ ಇರಬೇಕು. ಮರದ ನೆರಳಿನಲ್ಲಿ ಆ ವೇಗಕ್ಕೆ ಬೆಳಕು ಸಾಲದೆ ಲೆನ್ಸನ್ನು ಪೂರ್ತಿ ತೆರೆಯಬೇಕು. ಪೂರ್ತಿ ತೆರೆದರೆ ನನ್ನ 50 ಎಂಎಂ ಲೆನ್ಸಿನಲ್ಲಿ ಒಂದು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಉಳಿಯುವುದು ಸುಮಾರು 3 ಸೆಂಟಿಮೀಟರ್ ಆಳ ಮಾತ್ರ. ಮೂಗು ಸಿಕ್ಕರೆ ಕಿವಿ ಇಲ್ಲ, ಕಿವಿ ಸಿಕ್ಕರೆ ಮಗುವೇ ಇಲ್ಲ. ಗುಂಡಿಯನ್ನು ಅರ್ಧ ಒತ್ತಿ ಕಣ್ಣಿನ ಮೇಲೆ ಫೋಕಸ್ ಕೂರಿಸಿ, ಉಳಿದರ್ಧ ಒತ್ತುವಷ್ಟರಲ್ಲಿ ಪುಟ್ಟಿ ಒಂದು ಗೇಣು ಮುಂದೆ ಬಂದಿರುತ್ತಾಳೆ. ಚಲಿಸುವುದನ್ನು ಬೆನ್ನಟ್ಟುವ ನಿರಂತರ ಫೋಕಸ್ಸಿಗೆ ಬದಲಾಯಿಸಿದೆ. ಅದು ಪುಟ್ಟಿಯನ್ನು ಬಿಟ್ಟು ಅವಳ ಹಿಂದಿದ್ದ ಜಿಂಕೆವನದ ತಂತಿ ಬೇಲಿಯನ್ನು ಬೆನ್ನಟ್ಟಿತು. ಬೇಲಿ ಎಲ್ಲಿಗೂ ಓಡುತ್ತಿರಲಿಲ್ಲ.

ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ರಾಮನು ಬಂಡೆಗೆ ಬಾಣ ಬಿಟ್ಟಾಗ ಚಿಲುಮೆ ಉಕ್ಕಿತು ಎಂಬುದು ಅಲ್ಲಿನ ಸ್ಥಳಪುರಾಣ. ಬಂಡೆ ನಿಂತಲ್ಲೇ ನಿಂತಿತ್ತು ಎಂಬ ಅನುಕೂಲವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟೆಲ್ಲವನ್ನೂ ನಾನು ಸಹಿಸಿಕೊಂಡೇನು. ಸಹಿಸಲಾಗದ್ದು ದೊಡ್ಡಮ್ಮನ ಸಹಾಯ. ಅವರ ಪ್ರಕಾರ ಫೋಟೋ ಎಂದರೆ ಮಗುವಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಕೈ ಕಟ್ಟಿಸಿ ನೆಟ್ಟಗೆ ನಿಲ್ಲಿಸಿ ಮಾಡಬೇಕಾದ ಒಂದು ಶಾಸ್ತ್ರ. ಗೊತ್ತಾಗದಂತೆ ತೆಗೆಯುವುದು ಹೆಚ್ಚುಕಡಿಮೆ ಕಳ್ಳತನ. ಆದ್ದರಿಂದ ನಾನು ಮರದ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಮಂಡಿ ನೋಯುತ್ತಿದ್ದರೂ ಉಸಿರು ಬಿಗಿಹಿಡಿದು ಕಾಯುತ್ತಿರುವಾಗ, "ಏಯ್ ಪುಟ್ಟಿ, ಮಾವ ಫೋಟೋ ತೆಗೀತವ್ನೆ, ಇಲ್ನೋಡೇ" ಎಂದು ಅವರು ಕೂಗುತ್ತಾರೆ. ಅದಕ್ಕೆ ಜಗ್ಗದಿದ್ದರೆ ಚಿಟಿಕೆ. ಚಿಟಿಕೆಗೂ ಜಗ್ಗದಿದ್ದರೆ ನನ್ನ ತಲೆಯ ಮೇಲೆ ಬೆರಳು ತೋರಿಸಿ, "ಕಾಗೆ, ಕಾಗೆ!" ಎನ್ನುತ್ತಾರೆ. ಇಲ್ಲದ ಆ ಕಾಗೆಯನ್ನು ಪುಟ್ಟಿ ಹುಡುಕುತ್ತಿರುವ ಫೋಟೋಗಳೇ ನನ್ನ ಬಳಿ ಮೂವತ್ತಕ್ಕೂ ಹೆಚ್ಚಿವೆ.

ಮರಳುವಾಗ ತಟ್ಟೆ ಇಡ್ಲಿ ತಿನ್ನಲು ಕ್ಯಾತ್ಸಂದ್ರಕ್ಕೆ ಹೋದೆವು. ಪುಟ್ಟಿ ತನ್ನ ಮುಖಕ್ಕಿಂತ ಅಗಲವಾದ ಇಡ್ಲಿಯನ್ನು ಎರಡೂ ಕೈಯಲ್ಲಿ ಎತ್ತಿ, ಅಂಚನ್ನು ಬಿದಿಗೆ ಚಂದ್ರನ ಆಕಾರಕ್ಕೆ ಕಚ್ಚಿ, ಆ ಕಚ್ಚಿದ ಜಾಗದಿಂದ ಒಂದೇ ಕಣ್ಣಿನಲ್ಲಿ ನನ್ನನ್ನು ಇಣುಕಿ ನೋಡಿದಳು. ಕೆನ್ನೆಯ ಮೇಲೆ ಬೆಣ್ಣೆ ಹೊಳೆಯುತ್ತಿತ್ತು, ಕಿಟಕಿಯಿಂದ ಬೆಳಕು ಬೀಳುತ್ತಿತ್ತು. ಅರ್ಧ ಒತ್ತಿದೆ, ಫೋಕಸ್ ಆ ಕಣ್ಣಿನ ಮೇಲೆಯೇ ಕೂತು ಕ್ಯಾಮೆರಾ ಕೀಂ ಎಂದಿತು. ಆ ಸದ್ದಿಗೇ ಕಾದಿದ್ದಂತೆ ಬದಿಯಿಂದ ಕೈಯೊಂದು ಬಂತು. ಮೊದಲು ಸೆರಗಿನಿಂದ ಬೆಣ್ಣೆಯನ್ನು ಒರೆಸಿತು, ಬಳಿಕ ಇಡ್ಲಿಯನ್ನು ಕಸಿದು ತಟ್ಟೆಗಿಟ್ಟಿತು, ಕೊನೆಗೆ ಲೆನ್ಸಿನ ಮುಂದೆಯೇ ಚಿಟಿಕೆ ಹೊಡೆಯಿತು. "ಚೆನ್ನಾಗಿ ನಗು ಮಗಳೇ." ಹತ್ತಿರದ್ದನ್ನು ಕಂಡೊಡನೆ ಅದಕ್ಕೇ ಅಂಟಿಕೊಳ್ಳುವುದು ನನ್ನ ಕ್ಯಾಮೆರಾದ ಜಾಯಮಾನ. ಅತ್ತ ಪುಟ್ಟಿ, ಹಲ್ಲಿನ ಡಾಕ್ಟರಿಗೆ ತೋರಿಸುವವಳಂತೆ ಅಷ್ಟೂ ಹಲ್ಲು ತೆರೆದು ಕುಳಿತಿದ್ದಳು.

ನನ್ನ ಮೂರನೆಯ ವರ್ಷದ ಒಂದೇ ಒಂದು ಫೋಟೋ ಮನೆಯಲ್ಲಿದೆ. ಸ್ಟುಡಿಯೋದ ಬಣ್ಣದ ಪರದೆಯ ಮುಂದೆ, ತಂತಿಯಿಲ್ಲದ ಟೆಲಿಫೋನನ್ನು ಕಿವಿಗಿಟ್ಟುಕೊಂಡು, ಯಾರೋ ಸಾವಿನ ಸುದ್ದಿ ಹೇಳಿದಂತೆ ನಿಂತಿದ್ದೇನೆ. ಫೋಕಸ್ಸಿನಲ್ಲಿ ಲೋಪವಿಲ್ಲ. ಆದರೆ ಆ ವಯಸ್ಸಿನಲ್ಲಿ ನಾನು ನಕ್ಕರೆ ಹೇಗೆ ಕಾಣುತ್ತಿದ್ದೆನೆಂದು ತೋರಿಸುವ ಫೋಟೋ ಎಲ್ಲಿಯೂ ಇಲ್ಲ. ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತಂತೆ. ಹಾಗೆಂದು ಹೇಳಬಲ್ಲವರು ಈಗ ಉಳಿದಿರುವುದು ದೊಡ್ಡಮ್ಮ ಒಬ್ಬರೇ. ಅದಕ್ಕಾಗಿಯೇ ಅವರನ್ನು ಗದರಿಸಲು ನನಗೆ ನಾಲಗೆ ಏಳುವುದಿಲ್ಲ.

ಅವರು ಕೈ ತೊಳೆಯಲು ಹೋಗಿದ್ದ ಎರಡು ನಿಮಿಷದಲ್ಲಿ ಒಂದು ಫೋಟೋ ಸಿಕ್ಕಿತು. ತಲೆ ಕೆದರಿದೆ, ಪುಟ್ಟಿ ಚಟ್ನಿಯ ಬೆರಳು ಚೀಪುತ್ತಿದ್ದಾಳೆ, ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತದೆ. ರಾತ್ರಿ ಅದನ್ನು ದೊಡ್ಡಮ್ಮನ ವಾಟ್ಸಾಪಿಗೆ ಕಳುಹಿಸಿದೆ. ತಮಾಷೆಗೆಂದು ಅವರ ಕೈಯ ಫೋಟೋವನ್ನೂ ಜೊತೆಗಿಟ್ಟೆ. ಮರುಕ್ಷಣವೇ ಫೋನು ಬಂತು.

"ತಲೆ ಬಾಚ್ದೆ ಯಾಕಪ್ಪ ತೆಗೆದೆ? ಅದನ್ನ ಅಳಿಸ್ಬಿಡು. ಬಳೇದು ಮಾತ್ರ ಬಲು ಚೆನ್ನಾಗಿ ಬಂದೈತೆ, ದೊಡ್ಡದು ಮಾಡಿಸಿ ಕಟ್ಟು ಹಾಕಿಸ್ಕೊಡು."