ಹಿಂದಿನ ಸೀಟು ಬೇಕಾ ಸ್ವಾಮಿ?

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಒಬ್ಬರೇ ಕೂತು ಹೋಗುವ ಕಾರಿಗೆ ಶುಲ್ಕ ಹಾಕುವ ಮಾತು ಆಗಾಗ ಏಳುತ್ತದೆ, ಮತ್ತೆ ಮಲಗುತ್ತದೆ. ಸರಿ, ನಾಲ್ಕು ಜನರನ್ನು ಹತ್ತಿಸಿಕೊಂಡು ಪೆಟ್ರೋಲ್ ದುಡ್ಡು ಹಂಚಿಕೊಳ್ಳೋಣ ಅಂದ್ರೆ, 2023ರಲ್ಲಿ ಕಾರ್‌ಪೂಲ್ ಆ್ಯಪ್‌ಗಳ ಮೇಲೆ ಸಾರಿಗೆ ಇಲಾಖೆ ಕಣ್ಣು ಕೆಂಪಗೆ ಮಾಡಿದ್ದು ನೆನಪಿದೆಯಲ್ಲ? ಬಿಳಿ ಬೋರ್ಡ್ ಗಾಡಿಯಲ್ಲಿ ಬಾಡಿಗೆ ಹೊಡೆಯುವ ಹಾಗಿಲ್ಲ. ಖಾಲಿ ಹೋದರೂ ತಪ್ಪು, ತುಂಬಿಸಿಕೊಂಡರೂ ತಪ್ಪು. ಹಾಗಾಗಿ ಸೀಟನ್ನೇ ಕಿತ್ತುಬಿಡುವುದು ಕ್ಷೇಮ.

ಕೆಲಸ ಸುಲಭ. ಹಿಂದಿನ ಸೀಟಿನ ಮುಂಭಾಗಕ್ಕೆ ಎರಡೂ ಕೈ ಕೊಟ್ಟು ಜಗ್ಗಿದರೆ ಬಹಳಷ್ಟು ಕಾರುಗಳಲ್ಲಿ ಕ್ಲಿಪ್ಪು ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಕೆಳಗೆ ಏನೇನಿರುತ್ತೆ ಅಂತೀರಿ! ಎರಡು ರೂಪಾಯಿ ನಾಣ್ಯಗಳು, ಚಕ್ಕುಲಿ ಚೂರು, ಒಂಟಿ ಸಾಕ್ಸು, ಯಾವುದೋ ಮದುವೆಯ ಒಣಗಿದ ಮಲ್ಲಿಗೆ. ಮನೆಯವರು ಕಳೆದುಹೋಯ್ತು ಅಂತ ಅತ್ತು ಕರೆದ ಕಿವಿಯೋಲೆಯೂ ಸಿಗಬಹುದು. ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಇಡೀ ಖರ್ಚು ವಸೂಲಾಯ್ತು.

ಆಮೇಲೆ ಬೆನ್ನಿನ ಭಾಗದ ಬೋಲ್ಟು ಬಿಚ್ಚಿ. ಫ್ರಿಡ್ಜ್ ಬಂದ ರಟ್ಟಿನ ಡಬ್ಬ ಅಟ್ಟದ ಮೇಲಿದೆಯಲ್ಲ, ಅದರಲ್ಲಿ ಅಳತೆ ಕತ್ತರಿಸಿ. ಆ ಅಳತೆಗೆ ತೆಳು ಪ್ಲೈವುಡ್, ಅದರ ಮೇಲೆ ಜೆ.ಸಿ. ರೋಡಿನ ಕಪ್ಪು ಕಾರ್ಪೆಟ್, ನಾಲ್ಕು ಎಲ್ ಕ್ಲಾಂಪು. ಒಂದು ಎಚ್ಚರ: ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಪಂಪಿನ ಮುಚ್ಚಳ ಆ ಸೀಟಿನ ಕೆಳಗೇ ಇರುತ್ತದೆ. ಅಲ್ಲಿ ಡ್ರಿಲ್ ಹೊಡೆದು ಪೌರುಷ ತೋರಿಸಬೇಡಿ.

ಲಾಭ? ತೂಕ ಇಳಿಯುತ್ತೆ, ಗಾಡಿ ಚುರುಕಾಗುತ್ತೆ ಅಂತಾರೆ ಹುಡುಗರು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಹಗುರಾಗಿ ನಿಂತಿರಬಹುದು! ನಗಬೇಡಿ. ಪೋರ್ಷೆ 911 ಜಿಟಿ3 ಅಂತ ಒಂದು ಕಾರಿದೆ, ಎರಡು ಕೋಟಿಗೂ ಜಾಸ್ತಿ. ಅದಕ್ಕೆ ಹಿಂದಿನ ಸೀಟೇ ಇಲ್ಲ. ಕೋಟಿ ಕೊಟ್ಟವರಿಗೆ ಕಂಪನಿಯೇ ಸೀಟು ಬಿಟ್ಟು ಮಾಡಿಕೊಡುತ್ತದೆ, ನಾವು ಭಾನುವಾರ ಸ್ಪ್ಯಾನರ್ ಹಿಡಿಯಬೇಕು. ಸೀಟು ಹೋದ ಮೇಲೆ ಹಿಂದಿನ ಚಕ್ರದ ಸದ್ದೆಲ್ಲ ಒಳಗೇ ಬಂದು, ಕಾರು ಖಾಲಿ ಡ್ರಮ್ಮಿನ ಹಾಗೆ ಗುಂಯ್ ಅನ್ನುತ್ತೆ. ಅತ್ತೆ ಮಾವನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುವ ಯೋಗವೂ ತಪ್ಪುತ್ತೆ. ಅದನ್ನು ಲಾಭದ ಕಡೆ ಬರೆಯಬೇಕೋ ನಷ್ಟದ ಕಡೆಯೋ, ನಿಮಗೆ ಬಿಟ್ಟಿದ್ದು.

ಹಾಂ, ಕಾನೂನು. ಗಾಡಿಯನ್ನು ಕಂಪನಿ ಕೊಟ್ಟ ಹಾಗೇ ಇಡಬೇಕು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮೋಟಾರು ವಾಹನ ಕಾಯ್ದೆಗೆ ಅದೇ ವರ್ಷ ಬಂದ ತಿದ್ದುಪಡಿಯ ಪ್ರಕಾರ ಒಪ್ಪಿಗೆ ಇಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಭೇಷ್! ಪ್ಲೈವುಡ್ಡಿಗೆ ಜೈಲು. ಇಂಥ ಶಿಸ್ತಿನ ದೇಶದಲ್ಲಿ ಹುಟ್ಟೋಕೆ ಪುಣ್ಯ ಮಾಡಿರಬೇಕು.

ಈಗ ಬೆಳಿಗ್ಗೆ ಎಂಟಕ್ಕೆ ಯಾವುದಾದರೂ ಸಿಗ್ನಲ್ಲಿನಲ್ಲಿ ನಿಂತು ನೋಡಿ. ಮಾರುತಿ ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು, ಶಾಲೆಗೆ ಓಡುವುದು ನಿಂತಿಲ್ಲ. ಕಂಪನಿ ಕೊಟ್ಟ ಸೀಟು ಯಾವತ್ತೋ ಗುಜರಿಗೆ ಹೋಗಿದೆ. ಆ ಜಾಗದಲ್ಲಿ ರೆಕ್ಸಿನ್ ಹೊಡೆದ ಹಲಗೆ. ಒಬ್ಬರ ತೊಡೆ ಮೇಲೆ ಒಬ್ಬರು ಮಕ್ಕಳು, ಕಿಟಕಿಯ ಹೊರಗೆ ನೇತಾಡುವ ಬ್ಯಾಗುಗಳು. ಹಿಂದಿನ ಗಾಜಿಗೆ ಮುಖ ಒತ್ತಿಕೊಂಡು ಒಂದು ಪುಟ್ಟ ಹುಡುಗಿ ನಿಮಗೆ ಟಾಟಾ ಮಾಡುತ್ತಾಳೆ. ಬೆಲ್ಟಿಲ್ಲ. ಹಿಂದಿನಿಂದ ಒಂದು ಟಿಪ್ಪರ್ ಬ್ರೇಕ್ ಹಾಕುವುದು ತಡವಾದರೆ ಆ ಮಗುವಿಗೂ ಟಿಪ್ಪರಿಗೂ ನಡುವೆ ಇರುವುದು ಬರೀ ತಗಡು. ಪೊಲೀಸ್ ನೋಡ್ತಾರೆ, ಶಾಲೆಯವರು ನೋಡ್ತಾರೆ, ಹತ್ತಿಸಿ ಕಳಿಸುವ ಅಪ್ಪ ಅಮ್ಮ ದಿನಾ ನೋಡ್ತಾರೆ. ಕಾನೂನು ಇಲ್ಲ ಅಂತಲ್ಲ. ಬೇಕಾದಷ್ಟಿದೆ. ನಾಚಿಕೆ ಇಲ್ಲ, ಅಷ್ಟೇ.

ಜೂನ್‌ನಿಂದ ವ್ಯಾನ್ ಫೀಸು ಜಾಸ್ತಿ ಮಾಡ್ತಾರಂತೆ. ಗಲಾಟೆ ಆಗ್ತಿರೋದು ಅದಕ್ಕೆ.